ಮದುವೆಯ ವಾರ್ಷಿಕೋತ್ಸವಕ್ಕೆ ಕಂಬಂ ಕಣಿವೆ: ಟೆಂಟ್ ಎಲ್ಲಿ ಹಾಕಬೇಕು?

ಮದುವೆಯ ವಾರ್ಷಿಕೋತ್ಸವ ಎಂದರೆ ಕೇಕು, ಹೋಟೆಲ್ ಊಟ, ಸಂಜೆಗೊಂದು ಸಿನಿಮಾ ಎಂಬಲ್ಲಿಗೆ ಮುಗಿಸದೆ, ಕಾರಿನ ಡಿಕ್ಕಿಗೆ ಟೆಂಟ್ ಹಾಕಿಕೊಂಡು ನಾಲ್ಕೈದು ದಿನ ಕಾಡು, ಸಣ್ಣ ಊರು ಸುತ್ತಿ ಬರೋಣ ಎನ್ನುವ ದಂಪತಿಗಳು ಈಗ ಹೆಚ್ಚುತ್ತಿದ್ದಾರೆ. ಬೆಂಗಳೂರು, ಮೈಸೂರಿನವರಿಗೆ ಕೊಡಗು, ಚಿಕ್ಕಮಗಳೂರು, ವಯನಾಡು ಹೋಗಿ ಹೋಗಿ ಹಳೆಯವಾಗಿವೆ; ರಜೆಯ ದಿನ ಅಲ್ಲಿ ಕಾಡಿಗಿಂತ ಕಾರುಗಳೇ ಹೆಚ್ಚು ಕಾಣುತ್ತವೆ. ಅಂಥವರು ಒಮ್ಮೆ ದಕ್ಷಿಣಕ್ಕೆ ತಿರುಗಿ ದಿಂಡಿಗಲ್, ತೇನಿ, ಕಂಬಂ ಕಣಿವೆಯ ಕಡೆ ನೋಡಬಹುದು. ಪಶ್ಚಿಮ ಘಟ್ಟದ ಮಗ್ಗುಲಲ್ಲಿ ದ್ರಾಕ್ಷಿ, ಏಲಕ್ಕಿ, ಮಾವು, ಭತ್ತ ಎಲ್ಲವೂ ಒಂದೇ ದಿನದ ದಾರಿಯಲ್ಲಿ ಸಿಗುವ ಸೀಮೆಯಿದು. ಆದರೆ ಇಲ್ಲಿಗೆ ಟೆಂಟ್ ಒಯ್ಯುವವರು ಹೊರಡುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಟೆಂಟನ್ನು ಎಲ್ಲಿ ಹಾಕುವುದು? ಹಗಲು ಕಾಡಿಗೆ, ರಾತ್ರಿ ಕಣಿವೆಯ ತೋಟಕ್ಕೆ ಎಂಬುದು ಈ ಲೇಖನದ ಉತ್ತರ. ಇದನ್ನು ಕಾನೂನಿಗೆ ಹೆದರಿ ಮಾಡಿಕೊಂಡ ರಾಜಿ ಎಂದುಕೊಳ್ಳಬೇಕಾಗಿಲ್ಲ. ಇಲ್ಲಿನ ನೆಲ, ನೀರು, ಬೆಂಕಿ, ಆನೆ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಬರುವ ತೀರ್ಮಾನವೇ ಅದು.

ಮೊದಲು ನೆಲದ ಮಾತು. ಕಂಬಂ ಕಣಿವೆ ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿದೆ. ಪಶ್ಚಿಮಕ್ಕೆ ಕೇರಳದ ಏಲಕ್ಕಿ ಬೆಟ್ಟಗಳು, ಪೂರ್ವ ಮತ್ತು ದಕ್ಷಿಣಕ್ಕೆ ಮೇಘಮಲೈ ಸಾಲು. ನಡುವಿನ ಬಯಲಿನಲ್ಲಿ ಚಿನ್ನಮನೂರು, ಉತ್ತಮಪಾಳಯಂ, ಕಂಬಂ, ಗೂಡಲೂರು ಒಂದರ ಹಿಂದೊಂದು ಬರುತ್ತವೆ. ತೇನಿಯಿಂದ ಕಂಬಂಗೆ ಸುಮಾರು 40 ಕಿ.ಮೀ.; ಕಂಬಂನಿಂದ ಕೇರಳದ ಗಡಿಯ ಕುಮಳಿಗೆ ಇನ್ನೊಂದು 22 ಕಿ.ಮೀ. ಚಿನ್ನಮನೂರಿನಿಂದ 18 ಹೇರ್‌ಪಿನ್ ತಿರುವುಗಳನ್ನು ಹತ್ತಿ ಸುಮಾರು 40 ಕಿ.ಮೀ. ಹೋದರೆ 1,500 ಮೀಟರ್ ಆಸುಪಾಸಿನ ಮೇಘಮಲೈ ಚಹಾ ತೋಟಗಳು. ಅಂದರೆ ಕಣಿವೆಯ ನಡುವೆ ಎಲ್ಲಿ ಉಳಿದರೂ ಎರಡು ಕಡೆಯ ಬೆಟ್ಟಗಳೂ ಕಣ್ಣೆದುರಿಗೇ ಇರುತ್ತವೆ, ಬೆಳಗ್ಗೆ ಹೊರಟು ಕತ್ತಲಾಗುವ ಮೊದಲು ಹಿಂದಿರುಗಬಹುದು. ಕೊಡಗಿನಂಥ ಕಡೆ ಕಾಡು ನೋಡಬೇಕಾದರೆ ಕಾಡಿನ ಪಕ್ಕದಲ್ಲೇ ತಂಗಬೇಕಾಗುತ್ತದೆ. ಇಲ್ಲಿ ಹಾಗಿಲ್ಲ, ಕಾಡಿನೊಳಗೆ ಹೋಗಿ ಮಲಗಿದವರಿಗೆ ಒಂದು ಬೆಟ್ಟ ಸಿಕ್ಕರೆ, ಬಯಲಿನಲ್ಲಿ ಮಲಗಿದವರಿಗೆ ಎರಡೂ ಸಿಗುತ್ತವೆ.

ಇನ್ನು ಕಾನೂನು. ಮೇಘಮಲೈ ಅಭಯಾರಣ್ಯವೂ ಅದರ ದಕ್ಷಿಣದ ಶ್ರೀವಿಲ್ಲಿಪುತ್ತೂರು ಕಾಡೂ ಸೇರಿ 2021ರ ಫೆಬ್ರವರಿಯಲ್ಲಿ ಹುಲಿ ಮೀಸಲು ಪ್ರದೇಶವಾದವು. ಇದು ತಮಿಳುನಾಡಿನ ಐದನೆಯದು, ದೇಶದ 51ನೆಯದು. ಕೊಡೈಕನಾಲ್ ಸುತ್ತಲಿನ ಕಾಡು 2013ರಿಂದ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಇಂಥ ಕಾಡಿಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. 30ನೇ ಸೆಕ್ಷನ್ ಬೆಂಕಿ ಹಾಕುವುದನ್ನೂ, ಉರಿಯುವ ಬೆಂಕಿಯನ್ನು ಬಿಟ್ಟುಬರುವುದನ್ನೂ ನಿಷೇಧಿಸುತ್ತದೆ. ಮೇಘಮಲೈ ರಸ್ತೆಯಲ್ಲಿ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇದೆ, ಕತ್ತಲಾದ ಮೇಲೆ ವಾಹನ ಬಿಡುವುದಿಲ್ಲ. ಹೀಗಾಗಿ ‘ಯಾರಿಗೂ ತೊಂದರೆ ಕೊಡದೆ ಒಂದು ರಾತ್ರಿ ಟೆಂಟ್ ಹಾಕಿ ಬರುತ್ತೇವೆ’ ಎನ್ನುವ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ.

ಆದರೆ ಕಾನೂನನ್ನಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ‘ಎಷ್ಟೋ ಜನ ಹೋಗಿ ಬಂದಿದ್ದಾರೆ, ವಿಡಿಯೊ ಹಾಕಿದ್ದಾರೆ, ಅವರಿಗೇನೂ ಆಗಲಿಲ್ಲವಲ್ಲ’ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇದಕ್ಕೆ ಉತ್ತರ ಇದೇ ಜಿಲ್ಲೆಯಲ್ಲಿದೆ. 2018ರ ಮಾರ್ಚ್ 11ರಂದು ಬೋಡಿನಾಯಕನೂರಿನ ಮೇಲಿನ ಕುರಂಗಣಿ ಬೆಟ್ಟದಲ್ಲಿ ಕಾಡ್ಗಿಚ್ಚಿಗೆ ಸಿಲುಕಿದ ಚಾರಣಿಗರಲ್ಲಿ, ನಂತರ ಆಸ್ಪತ್ರೆಗಳಲ್ಲಿ ತೀರಿಕೊಂಡವರೂ ಸೇರಿ 23 ಮಂದಿ ಸತ್ತರು. ಚೆನ್ನೈನಿಂದಲೂ ಈರೋಡು, ತಿರುಪ್ಪೂರು ಕಡೆಯಿಂದಲೂ ಬಂದ ಎರಡು ಗುಂಪುಗಳವು. ಅವರಲ್ಲಿ ಆಗಷ್ಟೇ ಮದುವೆಯಾಗಿದ್ದ ದಂಪತಿಯೂ ಇದ್ದರು. ಅವರು ಹಿಡಿದಿದ್ದ ಕೊಳುಕ್ಕುಮಲೈ ದಾರಿಗೆ ಅನುಮತಿ ಇರಲಿಲ್ಲ ಎಂದು ಅರಣ್ಯ ಇಲಾಖೆ ಹೇಳಿತು. ಬೆಂಕಿ ಇಳಿಜಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ಓಡುವಾಗ ಮನುಷ್ಯನ ಕಾಲಿಗಿಂತ ವೇಗವಾಗಿರುತ್ತದೆ. ಎದೆಮಟ್ಟದ ಒಣಹುಲ್ಲು ಬೆಂಕಿಗೆ ಬೇಕಾದ ಎಲ್ಲವನ್ನೂ ಕೊಡುತ್ತದೆ, ಹೊಗೆಯಲ್ಲಿ ದಾರಿ ಕಾಣುವುದಿಲ್ಲ. ಚಾರಣಿಗರ ಅನುಭವ, ಧೈರ್ಯ, ಒಳ್ಳೆಯ ಬೂಟು ಯಾವುದೂ ಅಲ್ಲಿ ನೆರವಿಗೆ ಬರಲಿಲ್ಲ. ಏನೂ ಆಗದೆ ಬಂದವರ ವಿಡಿಯೊ ಮಾತ್ರ ನಮಗೆ ಕಾಣುತ್ತದೆ ಎಂಬುದನ್ನು ಮರೆತು ಲೆಕ್ಕ ಹಾಕಿದರೆ ಲೆಕ್ಕ ತಪ್ಪುತ್ತದೆ.

ಕುರಂಗಣಿಯ ದುರಂತದ ಬಳಿಕ ತಮಿಳುನಾಡು ಅದೇ ವರ್ಷ ಚಾರಣಕ್ಕೆಂದೇ ನಿಯಮಗಳನ್ನು ಮಾಡಿತು. 2024ರ ಅಕ್ಟೋಬರ್‌ನಲ್ಲಿ ‘ಟ್ರೆಕ್ ತಮಿಳುನಾಡು’ ಹೆಸರಿನಲ್ಲಿ 40 ಚಾರಣ ಹಾದಿಗಳನ್ನು ತೆರೆದು, ಆನ್‌ಲೈನ್ ಬುಕಿಂಗ್ ಮತ್ತು ಸ್ಥಳೀಯ ಗೈಡ್‌ಗಳ ವ್ಯವಸ್ಥೆ ಮಾಡಿತು. ತೇನಿ ಜಿಲ್ಲೆಯ ಕುರಂಗಣಿ–ಸಾಂಬಲಾರು, ದಿಂಡಿಗಲ್ ಜಿಲ್ಲೆಯ ಕೊಡೈಕನಾಲ್ ಬಳಿಯ ವಟ್ಟಕನಾಲ್–ವೆಳ್ಳಗವಿ ಆ ಪಟ್ಟಿಯಲ್ಲಿವೆ. ಕರ್ನಾಟಕದ ‘ಅರಣ್ಯ ವಿಹಾರ’ ಪೋರ್ಟಲ್‌ನಲ್ಲಿ ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಟಿಕೆಟ್ ತೆಗೆದವರಿಗೆ ಈ ಕ್ರಮ ಹೊಸದೇನಲ್ಲ. ಬೆಳಗ್ಗೆ ಹತ್ತಿ ಅದೇ ದಿನ ಇಳಿಯುವ ಹಾದಿಗಳಿವು. ಗೈಡ್ ಆಗಿ ಜೊತೆಗೆ ಬರುವವರು ಬೆಟ್ಟದ ಬುಡದ ಹಳ್ಳಿಗಳವರು. ಯಾವ ತಿರುವಿನಲ್ಲಿ ಕಾಡುಕೋಣ ಅಡ್ಡಬರುತ್ತದೆ, ಯಾವ ತೊರೆಯಲ್ಲಿ ನೀರಿದೆ ಎಂಬುದು ಅವರಿಗೆ ಗೊತ್ತು. ಗೈಡ್ ಜೊತೆಗಿದ್ದರೆ ಏಕಾಂತ ಎಲ್ಲಿ ಎಂದು ದಂಪತಿಗಳು ಕೇಳಬಹುದು. ಏಕಾಂತವನ್ನು ಸಂಜೆಗೆ ಇಟ್ಟುಕೊಂಡು ಹಗಲಿನಲ್ಲಿ ಕಾಡು ಬಲ್ಲವರೊಂದಿಗೆ ನಡೆದರೆ ಎರಡೂ ಕೈಗೂಡುತ್ತವೆ.

ತಾರೀಖು ಯಾರದು, ಋತು ಯಾರದು?

ಇಲ್ಲೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ನಮ್ಮ ಕಡೆಯ ಮದುವೆಗಳು ಆಷಾಢ, ಪಿತೃಪಕ್ಷ, ಧನುರ್ಮಾಸ ಬಿಟ್ಟು ನಡೆಯುತ್ತವೆ. ಹೆಚ್ಚಿನವು ಮಾಘದಿಂದ ಜ್ಯೇಷ್ಠದೊಳಗೆ, ಅಂದರೆ ಫೆಬ್ರವರಿಯಿಂದ ಜೂನ್ ನಡುವೆ. ವಾರ್ಷಿಕೋತ್ಸವಗಳೂ ಆ ತಿಂಗಳುಗಳಲ್ಲೇ ಬೀಳುತ್ತವೆ. ತೇನಿ, ದಿಂಡಿಗಲ್ ಕಾಡುಗಳಿಗೆ ಕಾಡ್ಗಿಚ್ಚಿನ ಕಾಲವೂ ಅದೇ. ಫೆಬ್ರವರಿ ಮಧ್ಯದಿಂದ ಹುಲ್ಲು ಒಣಗುತ್ತಿದ್ದಂತೆ ಅರಣ್ಯ ಇಲಾಖೆ ಚಾರಣ ಹಾದಿಗಳನ್ನು ಮುಚ್ಚುತ್ತದೆ. ಇನ್ನು ಕಾರ್ತಿಕದ ಮದುವೆಯವರು ನವೆಂಬರ್‌ನಲ್ಲಿ ಹೊರಟರೆ ಹಿಂಗಾರು ಮಳೆ ಎದುರಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್ ಮಧ್ಯದವರೆಗೆ ಇಲ್ಲಿ ಒಳ್ಳೆಯ ಮಳೆ; ಸುರುಳಿ, ಕುಂಬಕ್ಕರೈ ಜಲಪಾತಗಳಲ್ಲಿ ನೀರು ಏರಿದಾಗ ಪ್ರವಾಸಿಗರನ್ನು ಬಿಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಸಂದಿಗಳಿಂದ ನುಗ್ಗುವ ನೈಋತ್ಯ ಗಾಳಿಯ ದರ್ಬಾರು. ತೇನಿ ಸುತ್ತಮುತ್ತ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಉಳಿಯುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿಯ ಮೊದಲ ವಾರಗಳವರೆಗಿನ ಕಾಲ. ಮಳೆ ನಿಂತು, ಕಾಡು ಇನ್ನೂ ಹಸಿರಾಗಿರುವ ಅದೇ ಹೊತ್ತು ಕ್ಯಾಂಪಿಂಗ್‌ಗೆ ಪ್ರಶಸ್ತ.

ಹಾಗಾದರೆ ವೈಶಾಖದಲ್ಲಿ ಮದುವೆಯಾದವರು ಏನು ಮಾಡಬೇಕು? ದಾರಿ ಎರಡಿವೆ. ತಾರೀಖನ್ನು ಮನೆಯಲ್ಲಿ ಪಾಯಸದೊಂದಿಗೆ ಆಚರಿಸಿ, ಪ್ರವಾಸವನ್ನು ಜನವರಿಗೆ ಇಟ್ಟುಕೊಳ್ಳುವುದು ಮೊದಲನೆಯದು. ಸಂಕ್ರಾಂತಿ ರಜೆಯೂ ಸಿಗುತ್ತದೆ, ಕಣಿವೆಯಲ್ಲಿ ಪೊಂಗಲ್ ಸಡಗರವೂ ಕಾಣುತ್ತದೆ. ತಾರೀಖಿಗೇ ಹೋಗಬೇಕು ಎನ್ನುವವರಿಗೆ ಎರಡನೆಯದು: ಏಪ್ರಿಲ್–ಮೇ ತಿಂಗಳಲ್ಲಿ ಚಾರಣವನ್ನು ಪೂರಾ ಕೈಬಿಟ್ಟು, ಪೆರಿಯಕುಳಂನ ಮಾವಿನ ತೋಪು, ಕಂಬಂನ ದ್ರಾಕ್ಷಿ, ವೈಗೈ ಅಣೆಕಟ್ಟಿನ ಸಂಜೆ, ಬೆಟ್ಟದ ಮೇಲೆ ಒಂದು ಹಗಲು ಎಂದು ಯೋಜಿಸುವುದು. ಬಯಲಿನಲ್ಲಿ ಸೆಖೆ ಇರುತ್ತದೆ, ನಿಜ. ಆದರೆ ಮಾವು ಹಣ್ಣಾಗುವುದೂ ಆಗಲೇ. ಚಿತ್ತಿರೈ ತಿಂಗಳಲ್ಲಿ ತೇನಿ ಬಳಿಯ ವೀರಪಾಂಡಿ ಗೌಮಾರಿಯಮ್ಮನ ಜಾತ್ರೆ ನಡೆಯುತ್ತದೆ. ಆ ದಿನಗಳಲ್ಲಿ ತೇನಿಯ ಲಾಡ್ಜುಗಳು ತುಂಬಿರುತ್ತವೆ, ಮೊದಲೇ ವಿಚಾರಿಸಿ. ಇವೆರಡನ್ನೂ ಬಿಟ್ಟು ಮಾರ್ಚ್ ತಿಂಗಳ ಬೆಟ್ಟದಲ್ಲಿ ಟೆಂಟ್ ಹಾಕುವ ಯೋಚನೆ ಬಂದರೆ ಕುರಂಗಣಿಯ ದಿನಾಂಕವನ್ನು ಇನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ತೋಟದಲ್ಲಿ ಎಲ್ಲಿ, ಹೇಗೆ?

ಕಾಡಿನೊಳಗೆ ಬೇಡ ಎಂದ ಮಾತ್ರಕ್ಕೆ ಕಾಡಿನ ಬೇಲಿಗೆ ಅಂಟಿಕೊಂಡ ಕೊನೆಯ ಹೊಲ ಸುರಕ್ಷಿತ ಎಂದಲ್ಲ. ‘ಆನೆ ಊರಿಗೇ ಬರುತ್ತದಲ್ಲ, ಆಗ ನಿಮ್ಮ ತೋಟಕ್ಕೂ ಕಾಡಿಗೂ ವ್ಯತ್ಯಾಸವೇನು?’ ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. 2023ರ ಏಪ್ರಿಲ್ ಕೊನೆಯಲ್ಲಿ ಕೇರಳದ ಚಿನ್ನಕನಾಲ್‌ನಲ್ಲಿ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟ ಅರಿಕೊಂಬನ್ ಎಂಬ ಆನೆ ಮೇಘಮಲೈ ಸುತ್ತಿ, ಮೇ 27ರಂದು ಕಂಬಂ ಪಟ್ಟಣದ ಬೀದಿಗಳಲ್ಲೇ ಓಡಾಡಿತು. ಪಟ್ಟಣದಲ್ಲಿ ನಿಷೇಧಾಜ್ಞೆ ಹಾಕಬೇಕಾಯಿತು. ಆನೆ ಮೇಲೆರಗಿ ಗಾಯಗೊಂಡವರೊಬ್ಬರು ಆಮೇಲೆ ತೀರಿಕೊಂಡರು. ಜೂನ್ 5ರಂದು ಅದನ್ನು ಮತ್ತೆ ಹಿಡಿದು ಕಳಕ್ಕಾಡು–ಮುಂಡಂತುರೈ ಕಾಡಿಗೆ ಸಾಗಿಸಿದರು. ಆದರೆ ಇದೇ ಪ್ರಸಂಗ ವ್ಯತ್ಯಾಸವನ್ನೂ ತೋರಿಸುತ್ತದೆ. ಊರಿಗೆ ಆನೆ ಬಂದರೆ ಮೈಕಿನಲ್ಲಿ ಕೂಗುತ್ತಾರೆ, ಪೊಲೀಸರು ಬರುತ್ತಾರೆ, ಹತ್ತಿರದ ಮನೆ ಬಾಗಿಲು ತೆರೆಯುತ್ತದೆ. ಕಾಡಿನ ಟೆಂಟಿನಲ್ಲಿರುವವರಿಗೆ ಅದು ಬಂದದ್ದು ಗೊತ್ತಾಗುವುದೇ ಅದು ಬಂದಾಗ. 2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿ ಬಳಿ ಕಾಡಂಚಿನ ರೆಸಾರ್ಟೊಂದರ ಟೆಂಟಿನಲ್ಲಿ ತಂಗಿದ್ದ ಮಹಿಳೆ ಆನೆ ದಾಳಿಗೆ ಸತ್ತದ್ದು ಹಾಗೆಯೇ.

ಆದ್ದರಿಂದ ಜಾಗ ಹುಡುಕುವಾಗ ಕಾಡಿನ ಅಂಚು ಎಂಬ ಜಾಹೀರಾತಿನ ಮಾತಿಗೆ ಮರುಳಾಗದೆ, ಬೆಟ್ಟದ ಬುಡದಿಂದ ದೂರವಿರುವ, ಮಾಲೀಕರೋ ಕಾವಲಿನವರೋ ರಾತ್ರಿ ಇರುವ ತೋಟದ ಮನೆಯನ್ನು ಆರಿಸಿ. ತಮಿಳುನಾಡು ಪ್ರವಾಸೋದ್ಯಮ ಇಲಾಖೆ ಕ್ಯಾಂಪಿಂಗ್ ನಡೆಸುವವರು ನೋಂದಾಯಿಸಿಕೊಳ್ಳಬೇಕೆಂದು ನಿಯಮ ಮಾಡಿದೆ; ಹಣ ಕೊಡುವ ಮೊದಲು ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಜೊತೆಗೆ ಇನ್ನು ನಾಲ್ಕು ಪ್ರಶ್ನೆ ಕೇಳಿ: ಈ ವರ್ಷ ಆನೆ ಅಥವಾ ಹಂದಿ ಈ ತೋಟಕ್ಕೆ ಬಂದಿತ್ತೇ? ರಾತ್ರಿ ಯಾರಿರುತ್ತಾರೆ? ಶೌಚಾಲಯ ಟೆಂಟಿನಿಂದ ಎಷ್ಟು ಹೆಜ್ಜೆ? ಬೇಲಿಗೆ ಕರೆಂಟ್ ಕೊಟ್ಟಿದ್ದಾರೆಯೇ? ಬಾಳೆ, ಕಬ್ಬಿನ ತೋಟ ಬೆಟ್ಟದ ಬುಡದಲ್ಲಿದ್ದರೆ ಬೇಡ ಎನ್ನಿ. ಆನೆಗೆ ಅದಕ್ಕಿಂತ ಪ್ರಿಯವಾದದ್ದಿಲ್ಲ.

ದ್ರಾಕ್ಷಿ ತೋಟದಲ್ಲಿ ಮಲಗುವ ಆಸೆ ಯಾರಿಗಾದರೂ ಬರುತ್ತದೆ. ಕಂಬಂನ ‘ಪನ್ನೀರ್ ದ್ರಾಕ್ಷಿ’, ಅಂದರೆ ಮಸ್ಕಟ್ ಹ್ಯಾಂಬರ್ಗ್ ತಳಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಬೇರೆ ಬೇರೆ ತೋಟಗಳಲ್ಲಿ ಬೇರೆ ಬೇರೆ ಹೊತ್ತಿಗೆ ಸವರುವುದರಿಂದ ವರ್ಷವಿಡೀ ಎಲ್ಲೋ ಒಂದು ಕಡೆ ಕೊಯ್ಲು ನಡೆಯುತ್ತಲೇ ಇರುತ್ತದೆ. ಕಲ್ಲಿನ ಕಂಬಗಳ ಮೇಲೆ ತಂತಿ ಹೆಣೆದು ಚಪ್ಪರ ಮಾಡಿ ಬಳ್ಳಿ ಹಬ್ಬಿಸಿರುತ್ತಾರೆ. ತಲೆಯ ಮಟ್ಟದಲ್ಲಿ ನೀಲಿ-ಕಪ್ಪು ಗೊಂಚಲು ಜೋತಾಡುತ್ತಿರುತ್ತದೆ. ನೋಡಲು ಚೆಂದ, ಆದರೆ ಚಪ್ಪರದ ಕೆಳಗೆ ಟೆಂಟ್ ಬೇಡ. ದ್ರಾಕ್ಷಿಗೆ ಬೂಷ್ಟು ರೋಗ ತಡೆಯಲು ಮತ್ತೆ ಮತ್ತೆ ಔಷಧಿ ಹೊಡೆಯುತ್ತಾರೆ, ನೀರು ಬಿಟ್ಟ ಮೇಲೆ ನೆಲ ಕೆಸರಾಗುತ್ತದೆ. ಔಷಧಿ ಹೊಡೆದು ಎಷ್ಟು ದಿನವಾಯಿತು ಎಂದು ಕೇಳಿಯೇ ತೋಟದೊಳಗೆ ಓಡಾಡಿ, ಹಣ್ಣು ತೊಳೆದು ತಿನ್ನಿ, ಟೆಂಟನ್ನು ಮನೆಯ ಮುಂದಿನ ಕಣದಲ್ಲೋ ಅಂಗಳದಲ್ಲೋ ಹಾಕಿ. ತೆಂಗಿನ ಮರದ ಕೆಳಗೂ ಬೇಡ. ಈ ಕಣಿವೆಯಲ್ಲಿ ಎಲ್ಲಿ ನೋಡಿದರೂ ತೆಂಗು, ಗಾಳಿಗೆ ಗರಿ, ಕಾಯಿ ಬೀಳುತ್ತಲೇ ಇರುತ್ತವೆ. ಕಣಿವೆಯಲ್ಲಿ ಹರಿಯುವ ಮುಲ್ಲೈ ಹೊಳೆಯ ದಡವೂ ಬೇಡ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಳೆಯಿಲ್ಲದ ರಾತ್ರಿಯಲ್ಲೂ ಹೊಳೆ ಏರುತ್ತದೆ.

ಗಾಳಿಗೆ ತಕ್ಕಂತೆ ಟೆಂಟ್ ಹಾಕುವುದನ್ನು ಮನೆಯ ತಾರಸಿಯ ಮೇಲೋ ಪಾರ್ಕಿನಲ್ಲೋ ಒಮ್ಮೆ ಕಲಿತೇ ಹೊರಡಿ. ಕಿರಿದಾದ ಬದಿ ಗಾಳಿಗೆ ಎದುರಾಗಿರಲಿ, ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ. ಗೂಟದ ತಲೆ ಟೆಂಟಿನಿಂದ ಹೊರಕ್ಕೆ ವಾಲುವಂತೆ ಓರೆಯಾಗಿ ಹೊಡೆಯಿರಿ. ನೇರವಾಗಿ ಹೊಡೆದ ಗೂಟ ಮೊದಲ ಬಿರುಸಿಗೇ ಕಿತ್ತುಬರುತ್ತದೆ. ಹೊರಗಿನ ಮಳೆಹೊದಿಕೆಯ ಹಗ್ಗಗಳನ್ನು ಕಟ್ಟುವುದಕ್ಕೆ ಸೋಮಾರಿತನ ಬೇಡ. ಅಂಗಡಿಯಲ್ಲಿ ಸಿಗುವ ಅಗ್ಗದ ಒಂದೇ ಪದರದ ಟೆಂಟಿನೊಳಗೆ ಬೆಳಗಾಗುವ ಹೊತ್ತಿಗೆ ಉಸಿರಿನ ತೇವವೇ ಹನಿಯಾಗಿ ಬೀಳುತ್ತದೆ, ಹಾಗಾಗಿ ಎರಡು ಪದರದ್ದನ್ನೇ ತನ್ನಿ. ಇಬ್ಬರಿಗೆ ಮೂರು ಜನರ ಟೆಂಟ್ ಹಿತ. ಕ್ಯಾಂಪ್‌ಫೈರ್ ಇಲ್ಲದೆ ಎಂಥ ಕ್ಯಾಂಪ್ ಎನ್ನುವವರು ಮಾಲೀಕರ ಒಪ್ಪಿಗೆ ಪಡೆದು ಅಂಗಳದ ಒಲೆಯಲ್ಲಿ ಬೆಂಕಿ ಹಾಕಿ, ಮಲಗುವ ಮುನ್ನ ನೀರು ಸುರಿದು ಬೂದಿ ಕೈಗೆ ತಣ್ಣಗಾಗುವವರೆಗೆ ಕಾಯಬೇಕು. ಗ್ಯಾಸ್ ಸ್ಟವ್ ಕಾರಿನಲ್ಲಿ ಹೋಗುವವರಿಗೆ ಸರಿ, ರೈಲಿಗೆ ಸಲ್ಲದು. 2023ರ ಆಗಸ್ಟ್ 26ರಂದು ಮಧುರೆ ನಿಲ್ದಾಣದ ಬಳಿ ನಿಂತಿದ್ದ ಪ್ರವಾಸಿ ಬೋಗಿಯಲ್ಲಿ ಕದ್ದುಮುಚ್ಚಿ ತಂದಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಮಂದಿ ಸತ್ತರು. ಇಷ್ಟಕ್ಕೂ ಹೆಜ್ಜೆಗೊಂದು ಪರೋಟಾ ಅಂಗಡಿ, ಇಡ್ಲಿ ಕಡೈ ಇರುವ ಸೀಮೆಯಲ್ಲಿ ಅಡುಗೆಯ ಸಾಮಾನು ಹೊತ್ತು ತಿರುಗುವ ಅಗತ್ಯವೇ ಕಡಿಮೆ.

ಐದು ದಿನದ ದಾರಿ

ಬೆಂಗಳೂರಿನಿಂದ ಹೊಸೂರು, ಸೇಲಂ, ಕರೂರು ದಾಟಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ದಿಂಡಿಗಲ್‌ಗೆ ಸುಮಾರು 370 ಕಿ.ಮೀ. ರೈಲಿನವರಿಗೆ ಮೈಸೂರು–ತೂತುಕುಡಿ ಎಕ್ಸ್‌ಪ್ರೆಸ್ ಇದೆ. ಬೆಂಗಳೂರು–ಮಧುರೆ ವಂದೇ ಭಾರತ್ ಕೂಡ ದಿಂಡಿಗಲ್‌ನಲ್ಲಿ ನಿಲ್ಲುತ್ತದೆ. ಮೊದಲ ದಿನ ಅಲ್ಲೇ ಲಾಡ್ಜಿನಲ್ಲಿ ಉಳಿಯುವುದು ಸರಿ. ದಿನವಿಡೀ ಕಾರು ಓಡಿಸಿ ಬಂದು ಕತ್ತಲಲ್ಲಿ ಟೆಂಟ್ ಕಟ್ಟಲು ಹೊರಟರೆ ವಾರ್ಷಿಕೋತ್ಸವ ಜಗಳದಿಂದ ಶುರುವಾಗುತ್ತದೆ. ದಿಂಡಿಗಲ್ ಬಂಡೆಯ ಮೇಲಿನ ಕೋಟೆ ಕನ್ನಡಿಗರಿಗೆ ತೀರಾ ಪರಕೀಯವಲ್ಲ. ಮಧುರೆಯ ನಾಯಕರು ಕಟ್ಟಿದ ಈ ಕೋಟೆಗೆ ಹೈದರಾಲಿ 1755ರಲ್ಲಿ ಮೈಸೂರಿನ ಫೌಜುದಾರನಾಗಿ ಬಂದ. ಫ್ರೆಂಚ್ ಕುಶಲಕರ್ಮಿಗಳನ್ನು ಇಟ್ಟುಕೊಂಡು ಮದ್ದುಗುಂಡಿನ ಕಾರ್ಖಾನೆ ಮಾಡಿಸಿದ್ದೂ ಇಲ್ಲೇ. ಅವನು ಮೇಲೆದ್ದ ದಾರಿ ಇಲ್ಲಿಂದ ಶುರುವಾಯಿತು, 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಇದನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ. ಬಂಡೆ ಹತ್ತುವುದು ಬೆಳಗ್ಗೆಯೇ ಆಗಲಿ, ಹತ್ತು ಗಂಟೆ ಕಳೆದರೆ ಕಲ್ಲು ಕಾಯುತ್ತದೆ. ಸೀರಗ ಸಂಬಾ ಅಕ್ಕಿಯ ದಿಂಡಿಗಲ್ ಬಿರಿಯಾನಿ ಮಧ್ಯಾಹ್ನಕ್ಕೆ. ಊರಿನ ಕೈಕೆಲಸದ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಗುರುತು ಬಂದಿದೆ. ವಾರ್ಷಿಕೋತ್ಸವಕ್ಕೆ ಅದಕ್ಕಿಂತ ಗಟ್ಟಿಯಾದ ಉಡುಗೊರೆ ಸಿಗಲಾರದು.

ಎರಡನೇ ದಿನ ವತ್ತಲಗುಂಡು, ಪೆರಿಯಕುಳಂ ಮಾರ್ಗವಾಗಿ ತೇನಿಗೆ ಸುಮಾರು 75 ಕಿ.ಮೀ. ಪೆರಿಯಕುಳಂ ಪಕ್ಕದ ಕುಂಬಕ್ಕರೈ ಜಲಪಾತ ತೆರೆದಿದ್ದರೆ ಸ್ನಾನ, ಸಂಜೆ ಆಂಡಿಪಟ್ಟಿ ಕಡೆಯ ವೈಗೈ ಅಣೆಕಟ್ಟು. ದಾರಿಯಲ್ಲಿ ಕೊಡೈಕನಾಲ್ ಹತ್ತುವ ಮನಸ್ಸಾದರೆ 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ಜಾರಿಗೆ ಬಂದ ಇ-ಪಾಸ್ ಮೊದಲೇ ತೆಗೆದಿರಬೇಕು. ಮೂರನೇ ಹಗಲು ಬೆಟ್ಟಕ್ಕೆ ಮೀಸಲು: ಋತು ಸರಿಯಿದ್ದರೆ ಕುರಂಗಣಿ ಚಾರಣ, ಇಲ್ಲವಾದರೆ ಮೇಘಮಲೈ. ಸಿಂಹಬಾಲದ ಸಿಂಗಳೀಕಗಳಿರುವ ಆ ಬೆಟ್ಟ ವಿಜ್ಞಾನಿಗಳಿಗೂ ಹೆಸರಾದದ್ದು. 1948ರಲ್ಲಿ ಇಲ್ಲಿ ಹಿಡಿದ ಹಣ್ಣುಬಾವಲಿಯೊಂದನ್ನು ಸಾಮಾನ್ಯ ಜಾತಿ ಎಂದುಕೊಂಡು ಇಟ್ಟಿದ್ದರು; 1972ರಲ್ಲಿ ಅದು ಹೊಸ ಕುಲದ್ದೇ ಎಂದು ತಿಳಿದು ಸಲೀಂ ಅಲಿಯವರ ಹೆಸರಿಟ್ಟರು. ಕಾಡಿನಲ್ಲಿ ನಮ್ಮ ಕಣ್ಣಿಗೆ ಬೀಳದ್ದೇ ಹೆಚ್ಚು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ. ರಾತ್ರಿ ಕಾಡನ್ನು ಅದರ ಪಾಡಿಗೆ ಬಿಡಲು ಇದೂ ಒಂದು ಕಾರಣ. ಸಂಜೆ ನಾಲ್ಕಕ್ಕೆಲ್ಲ ಇಳಿಯಲು ಶುರುಮಾಡಿ, ಕಣಿವೆಯ ತೋಟದಲ್ಲಿ ಟೆಂಟಿನ ಮೊದಲ ರಾತ್ರಿ.

ನಾಲ್ಕನೇ ದಿನ ನಿಧಾನದ ದಿನ. ಬೆಳಗ್ಗೆ ಕಂಬಂನ ರೈತ ಸಂತೆ, ಸುರುಳಿ ಜಲಪಾತ, ಮಧ್ಯಾಹ್ನ ಗೂಡಲೂರು ದಾಟಿ ಲೋವರ್ ಕ್ಯಾಂಪ್. ಇಲ್ಲಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರಬೇಕಿದ್ದ ಪೆರಿಯಾರ್ ನೀರು ಬೆಟ್ಟ ಕೊರೆದ ಸುರಂಗದ ಮೂಲಕ ಪೂರ್ವಕ್ಕೆ ತಿರುಗಿ ಕಣಿವೆಗೆ ಇಳಿಯುತ್ತದೆ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟನ್ನು ಕಟ್ಟಿಸಿದ ಜಾನ್ ಪೆನ್ನಿಕ್ವಿಕ್‌ಗೆ ಇಲ್ಲಿ ಸ್ಮಾರಕವಿದೆ. ಜನವರಿ 15ರಂದು ರೈತರು ಅವನ ಹೆಸರಿನಲ್ಲಿ ಪೊಂಗಲ್ ಇಡುತ್ತಾರೆ. ಕಂಬಂ ಕಣಿವೆಯ 14,707 ಎಕರೆ ಗದ್ದೆಯಲ್ಲಿ ಎರಡು ಬೆಳೆ ತೆಗೆಯುವುದು ಈ ನೀರಿನಿಂದ. ಮಳೆಯ ಮರೆಯಲ್ಲಿರುವ ಈ ಕಣಿವೆ ಹಸಿರಾಗಿರುವುದಕ್ಕೂ, ಟೆಂಟಿನ ಪಕ್ಕ ತೋಟವೊಂದು ಇರುವುದಕ್ಕೂ ಇದೇ ಕಾರಣ. ಐದನೇ ದಿನ ಬೋಡಿನಾಯಕನೂರಿನಲ್ಲಿ ಏಲಕ್ಕಿ ಕೊಂಡು ಮರಳಬಹುದು. 2023ರ ಜೂನ್‌ನಿಂದ ಮಧುರೆಗೆ ಬ್ರಾಡ್‌ಗೇಜ್ ರೈಲೂ ಇದೆ. ಒಂದು ಎಚ್ಚರಿಕೆ: ಫೋನಿನ ಮ್ಯಾಪಿನಲ್ಲಿ ‘ಗೂಡಲೂರು’ ಎಂದು ಹಾಕಿದರೆ ಬಂಡೀಪುರದಾಚೆಯ ನೀಲಗಿರಿಯ ಗೂಡಲೂರಿಗೂ, ‘ಕಂಬಂ’ ಎಂದರೆ ಆಂಧ್ರದ ಕಂಬಂ ಕೆರೆಗೂ ಕರೆದೊಯ್ಯಬಹುದು. ತೇನಿ ಜಿಲ್ಲೆ ಎಂದು ಸೇರಿಸಿಯೇ ಹುಡುಕಿ.

ಭಾಷೆಯ ಚಿಂತೆ ಇದ್ದವರಿಗೆ ಕಂಬಂ ಒಂದು ಆಶ್ಚರ್ಯ. ಇಲ್ಲಿನ ಕಾಪಿಲಿಯರ್ ಎಂಬ ಒಕ್ಕಲಿಗ ಸಮುದಾಯದ ಮನೆಮಾತು ಕನ್ನಡ; ಶತಮಾನಗಳ ಹಿಂದೆ ಉತ್ತರದಿಂದ ಬಂದು ನೆಲೆನಿಂತವರು. ಓದು, ಬರಹ, ವ್ಯವಹಾರವೆಲ್ಲ ತಮಿಳಿನಲ್ಲೇ ಆದರೂ ಮನೆಯೊಳಗಿನ ಮಾತಿನಲ್ಲಿ ನಮ್ಮ ಕಿವಿಗೆ ಹತ್ತುವ ಪದಗಳು ಸಿಗುತ್ತವೆ. ಕಂಬಂನಲ್ಲಿ ಇವರ ನಂದಗೋಪಾಲ ತಂಬಿರಾನ್ ದೊಡ್ಡಿ ಇದೆ. ಅಲ್ಲಿನ ದೇವರ ದನಗಳ ಹಿಂಡಿಗೆ ಮಾಟ್ಟು ಪೊಂಗಲ್ ದಿನ ಪೂಜೆ ನಡೆಯುತ್ತದೆ. ಹಿಂಡಿನ ಪಟ್ಟದ ಹೋರಿ ಸತ್ತರೆ ದನಗಳ ಮುಂದೆ ಕಬ್ಬು ಇಟ್ಟು, ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ ಕಟ್ಟುವ ಪದ್ಧತಿಯನ್ನು ಇಪ್ಪತ್ತನೇ ಶತಮಾನದ ಆರಂಭದ ಬರಹಗಳು ದಾಖಲಿಸಿವೆ. ಜನವರಿಯಲ್ಲಿ ಹೋದವರು ನೋಡಲೇಬೇಕಾದದ್ದು ಈ ಮಾಟ್ಟು ಪೊಂಗಲ್ ಪೂಜೆ. ಮೆರವಣಿಗೆಯ ನಡುವೆ ನುಗ್ಗದೆ, ಪೂಜೆಯ ಹೊತ್ತಿನಲ್ಲಿ ಕೇಳದೆ ಫೋಟೊ ತೆಗೆಯದೆ ಇದ್ದರೆ ಆದರದಿಂದಲೇ ಮಾತಾಡಿಸುತ್ತಾರೆ. ಕಾಡಿನ ಟೆಂಟಿನಲ್ಲಿ ಉಳಿದವರಿಗೆ ಇದಾವುದೂ ಸಿಗುವುದಿಲ್ಲ ಎಂಬುದೂ ನನ್ನ ವಾದದ ಒಂದು ಭಾಗ.

ಉಳಿದ ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ‘ಇಷ್ಟೆಲ್ಲ ಎಚ್ಚರಿಕೆಯಾದ ಮೇಲೆ ಸಾಹಸ ಎಲ್ಲಿ ಉಳಿಯಿತು? ಕಾಡಿನಲ್ಲೇ ಒಂದು ರಾತ್ರಿ ಕಳೆಯಬೇಕು’ ಎನ್ನುವ ದಂಪತಿಗಳಿಗೆ ಕಾನೂನುಬದ್ಧ ದಾರಿ ಗಡಿಯಾಚೆಗೇ ಇದೆ. ಕುಮಳಿಯ ಪೆರಿಯಾರ್ ಹುಲಿ ಮೀಸಲಿನಲ್ಲಿ ಅರಣ್ಯ ಇಲಾಖೆಯೇ ನಡೆಸುವ ‘ಪೆರಿಯಾರ್ ಟೈಗರ್ ಟ್ರೇಲ್’ನಲ್ಲಿ ಕಾಡಿನೊಳಗೆ ಟೆಂಟಿನಲ್ಲಿ ರಾತ್ರಿ ಉಳಿಯಬಹುದು. ಅಲ್ಲಿ ಮಾರ್ಗದರ್ಶಕರಾಗಿ ಬರುವವರು ಒಂದು ಕಾಲಕ್ಕೆ ಅದೇ ಕಾಡಿನಲ್ಲಿ ಕಳ್ಳಬೇಟೆ, ತೊಗಟೆ ಕಳವು ಮಾಡುತ್ತಿದ್ದವರು. 1990ರ ದಶಕದ ಕೊನೆಯಲ್ಲಿ ಅದನ್ನು ಬಿಟ್ಟು ಕಾವಲಿಗೆ ನಿಂತವರು. ಅವರ ಜೊತೆ ಕಳೆಯುವ ರಾತ್ರಿಗಿಂತ ದೊಡ್ಡ ಸಾಹಸ ಕದ್ದು ಹಾಕಿದ ಟೆಂಟಿನಲ್ಲಿ ಸಿಗಲಾರದು. ಇನ್ನೊಂದು ಆಕ್ಷೇಪ ಇದಕ್ಕೆ ತದ್ವಿರುದ್ಧ: ‘ತೋಟದ ಮನೆಯವರೆಗೂ ಹೋದ ಮೇಲೆ ರೂಮಿನಲ್ಲೇ ಮಲಗಬಹುದಲ್ಲ, ಟೆಂಟಿನ ತಾಪತ್ರಯ ಯಾಕೆ?’ ಮಲಗಬಹುದು. ಎಷ್ಟು ರಾತ್ರಿ ಟೆಂಟ್, ಎಷ್ಟು ರಾತ್ರಿ ಹಾಸಿಗೆ ಎಂಬುದನ್ನು ಹೊರಡುವ ಮೊದಲು ಇಬ್ಬರೂ ಕೂತು ಮಾತಾಡಿಕೊಳ್ಳುವುದೇ ಮೇಲು. ಐದು ದಿನಕ್ಕೆ ಎರಡು ರಾತ್ರಿ ಟೆಂಟ್ ಹದವಾದ ಲೆಕ್ಕ. ಒಬ್ಬರ ಹುಮ್ಮಸ್ಸಿಗೆ ಇನ್ನೊಬ್ಬರು ಶೌಚಾಲಯವಿಲ್ಲದೆ, ನಿದ್ದೆಯಿಲ್ಲದೆ ಒದ್ದಾಡಿದರೆ ಅದು ಆಚರಣೆಯಾಗುವುದಿಲ್ಲ. ಆದರೂ ಟೆಂಟಿಗೊಂದು ಗುಣವಿದೆ: ಅದನ್ನು ಕಟ್ಟಲು ಇಬ್ಬರೂ ಕೈ ಹಾಕಬೇಕು, ಒಳಗೆ ಟಿವಿ ಇರುವುದಿಲ್ಲ, ಬೆಟ್ಟದ ಮೇಲೆ ಬೆಳಕು ಬಿದ್ದದ್ದು ಬಾಗಿಲ ಜಿಪ್ ಎಳೆದರೆ ಕಾಣುತ್ತದೆ.

ಕೊನೆಗೆ ಕೆಲಸದ ಕ್ರಮ. ಟೆಂಟ್ ಕೊಳ್ಳುವುದರಿಂದ ಶುರುಮಾಡಬೇಡಿ. ಮೊದಲು ಚಾರಣ ಹಾದಿ ತೆರೆದಿರುವ ದಿನ ನೋಡಿ ಟಿಕೆಟ್ ತೆಗೆಯಿರಿ, ಆಮೇಲೆ ಆ ದಿನಕ್ಕೆ ಸರಿಯಾಗಿ ತೋಟದ ಜಾಗ ಗೊತ್ತುಮಾಡಿ, ರಜೆ ಹಾಕುವುದು ಅದರ ನಂತರ. ಇಬ್ಬರ ಗುರುತಿನ ಚೀಟಿ ಕೈಯಲ್ಲಿರಲಿ, ಲಾಡ್ಜುಗಳಲ್ಲಿ ಕೇಳುತ್ತಾರೆ. ತಮಿಳುನಾಡಿನಲ್ಲೂ ಆಂಬುಲೆನ್ಸಿಗೆ 108, ತುರ್ತಿಗೆ 112. ಹಾವು ಕಡಿತದಂಥ ಸಂದರ್ಭಕ್ಕೆ ತೇನಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ ಎಂಬುದು ನೆನಪಿರಲಿ. ಬೆಟ್ಟಕ್ಕೆ ಪ್ಲಾಸ್ಟಿಕ್ ಬಾಟಲಿಯ ಬದಲು ಸ್ಟೀಲಿನದು ಒಯ್ಯಿರಿ, ಡ್ರೋನ್ ಮನೆಯಲ್ಲೇ ಬಿಡಿ. ನೀವು ಹೋಗುವ ವಾರ ಹಾದಿ ಮುಚ್ಚಿದೆ ಎಂಬ ಸಂದೇಶ ಬಂದರೆ ಬೇರೆ ದಾರಿ ಹುಡುಕಲು ಹೋಗಬೇಡಿ. ಮಾವು, ದ್ರಾಕ್ಷಿ, ಬಿರಿಯಾನಿ, ಕೋಟೆಯ ಪ್ರವಾಸಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಬೆಟ್ಟವನ್ನು ಮುಂದಿನ ವಾರ್ಷಿಕೋತ್ಸವಕ್ಕೆ ಇಟ್ಟುಕೊಳ್ಳಬಹುದು.